ಪಂಜರದ ಬಾಗಿಲು ತೆರೆಸಿದ ಹೀರವಿಜಯ ಸೂರಿಗಳು

ಗುಜರಾತಿನ ಪಾಲನಪುರದಲ್ಲಿ 1526ರಲ್ಲಿ ಜನಿಸಿದ ಹೀರಜಿ ಎಂಬ ಬಾಲಕನು ತನ್ನ 13ನೆಯ ವಯಸ್ಸಿನಲ್ಲಿ ವಿಜಯದಾನ ಸೂರಿಗಳಿಂದ ದೀಕ್ಷೆಯನ್ನು ಪಡೆದನು. ಶಾಸ್ತ್ರಾಧ್ಯಯನದಲ್ಲಿಯೂ ಸಂಯಮದಲ್ಲಿಯೂ ಹಿರಿಮೆಯನ್ನು ಗಳಿಸಿ, 1553ರಲ್ಲಿ ಸಿರೋಹಿಯಲ್ಲಿ ಆಚಾರ್ಯ ಪದವಿಗೇರಿ, ಮುಂದೆ ಶ್ವೇತಾಂಬರ ತಪಾಗಚ್ಛದ ನಾಯಕರಾದ ಹೀರವಿಜಯ ಸೂರಿಗಳೆಂದು ಪ್ರಸಿದ್ಧರಾದರು.

ಅವರನ್ನು ಅಕ್ಬರನ ಆಸ್ಥಾನಕ್ಕೆ ಕರೆತಂದುದು ಒಂದು ಉಪವಾಸವೆಂದು ಪರಂಪರೆಯು ತಿಳಿಸುತ್ತದೆ. ಚಂಪಾ ಎಂಬ ಶ್ರಾವಿಕೆಯು ಆರು ತಿಂಗಳ ಉಪವಾಸವ್ರತವನ್ನು ಕೈಗೊಂಡಿದ್ದಳು. ಆಕೆಯ ಮೆರವಣಿಗೆಯನ್ನು ಕಂಡು ಬೆರಗಾದ ಬಾದಶಹನು ಇಂತಹ ಶಕ್ತಿಯ ಮೂಲವನ್ನು ವಿಚಾರಿಸಲು, ಆಕೆಯು ತನ್ನ ಗುರುಗಳ ಹೆಸರನ್ನು ಹೇಳಿದಳು. 1582ರಲ್ಲಿ ಆಹ್ವಾನವು ಹೋಯಿತು. ರಾಜವಾಹನಗಳನ್ನು ನಿರಾಕರಿಸಿದ ಆಚಾರ್ಯರು ಗಂಧಾರದಿಂದ ಕಾಲ್ನಡಿಗೆಯಲ್ಲಿಯೇ ಹೊರಟು 1583ರಲ್ಲಿ ಫತೇಪುರ ಸಿಕ್ರಿಯನ್ನು ತಲಪಿದರು.

ಆ ಆಸ್ಥಾನದಲ್ಲಿ ಬೇಟೆಯು ರಾಜವೈಭವದ ಅಂಗವಾಗಿತ್ತು. ಕೃಷ್ಣಮೃಗಗಳ ಮೇಲೆ ಬಿಡುವುದಕ್ಕಾಗಿ ಪಳಗಿಸಿದ ಚೀತಾಗಳು ಒಂದು ಕಾಲಕ್ಕೆ ಸಾವಿರದಷ್ಟಿದ್ದವೆಂದು ಅಕ್ಬರನ ಮಗ ಜಹಾಂಗೀರನೇ ಬರೆದಿದ್ದಾನೆ. ಆಗ ಸೆರೆಯಲ್ಲಿ ಚೀತಾ ಮರಿ ಹಾಕುವುದು ಅತಿ ವಿರಳವಾಗಿತ್ತು. ಆದುದರಿಂದ ಸತ್ತ ಒಂದೊಂದರ ಸ್ಥಾನಕ್ಕೂ ಕಾಡಿನಿಂದ ಮತ್ತೊಂದನ್ನು ಹಿಡಿದು ತರಬೇಕಾಗುತ್ತಿತ್ತು. ತಲೆಮಾರುಗಳ ಕಾಲ ನಡೆದ ಈ ಸೆರೆ, ಬೇಟೆ ಮತ್ತು ಹುಲ್ಲುಗಾವಲುಗಳ ನಾಶದಿಂದ ಆ ಸಂತತಿಯು ಕ್ಷೀಣಿಸಿತು. 1952ರಲ್ಲಿ ಚೀತಾ ಭಾರತದಿಂದ ಅಳಿದುಹೋಯಿತೆಂದು ಘೋಷಿಸಲಾಯಿತು. 2022ರಲ್ಲಿ ನಮೀಬಿಯಾದಿಂದ ಎಂಟು ಚೀತಾಗಳನ್ನು ತಂದು ಕುನೋ ಅರಣ್ಯದಲ್ಲಿ ಬಿಡಬೇಕಾಯಿತು.

ಇಂತಹ ಅರಸನು ಏನು ಬೇಕೆಂದು ಕೇಳಿದಾಗ, ಆಚಾರ್ಯರು ತಮಗಾಗಿ ಏನನ್ನೂ ಬೇಡಲಿಲ್ಲ. ಸೆರೆಮನೆಯ ಬಂದಿಗಳಿಗೂ ಪಂಜರದ ಪಕ್ಷಿಗಳಿಗೂ ಬಿಡುಗಡೆಯಾಗಲಿ, ಪರ್ಯೂಷಣದ ದಿನಗಳಲ್ಲಿ ಪ್ರಾಣಿವಧೆ ನಿಲ್ಲಲಿ ಎಂಬುದೇ ಅವರ ಬೇಡಿಕೆಯಾಗಿತ್ತು. ಅಕ್ಬರನು ಎಂಟು ದಿನಗಳಿಗೆ ತನ್ನ ಕಡೆಯಿಂದ ನಾಲ್ಕು ದಿನಗಳನ್ನು ಸೇರಿಸಿ ಫರ್ಮಾನು ಹೊರಡಿಸಿದನು. ಡಾಬರ ಸರೋವರದಲ್ಲಿ ಮೀನು ಹಿಡಿಯುವುದು ನಿಷಿದ್ಧವಾಯಿತು. ಜಗದ್ಗುರು ಎಂಬ ಬಿರುದನ್ನು ಪಡೆದ ಸೂರಿಗಳು ಬಳಿಕ ಗುಜರಾತಿಗೆ ಮರಳಿ, 1595ರಲ್ಲಿ ಸೌರಾಷ್ಟ್ರದ ಊನಾದಲ್ಲಿ ಕಾಲವಶರಾದರು.

ಅವರು ಪಕ್ಷಿಗಳನ್ನು ಹಣ ಕೊಟ್ಟು ಬಿಡಿಸಲಿಲ್ಲ, ಹಿಡಿದವನ ಮನಸ್ಸನ್ನು ತಿರುಗಿಸಿದರು ಎಂಬುದು ಇಲ್ಲಿ ಗಮನಾರ್ಹ. ಪುಣ್ಯದಿನಗಳಲ್ಲಿ ಗಿಳಿಗಳನ್ನೂ ಮುನಿಯಗಳನ್ನೂ ಕೊಂಡು ಹಾರಿಬಿಡುವ ಶ್ರಾವಕರು ಉಂಟು. ಆದರೆ ಕೊಳ್ಳುವವರಿದ್ದಾರೆಂಬ ಕಾರಣದಿಂದಲೇ ಬೇಡನು ಬಲೆ ಬೀಸುತ್ತಾನೆ, ಮರದ ಪೊಟರೆಯಿಂದ ಗಿಳಿಮರಿಗಳನ್ನು ಕದಿಯುತ್ತಾನೆ. ಬಲೆಯಲ್ಲಿಯೂ ಇಕ್ಕಟ್ಟಾದ ಪಂಜರದಲ್ಲಿಯೂ ಅನೇಕ ಪಕ್ಷಿಗಳು ಸಾಯುತ್ತವೆ. ಬದುಕಿದವುಗಳು ರೆಕ್ಕೆ ಮುರಿದು, ಅಪರಿಚಿತ ನೆಲೆಯಲ್ಲಿ ಆಹಾರವಿಲ್ಲದೆ ನರಳುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾಗೂ ಅದರ 1991ರ ತಿದ್ದುಪಡಿಯಂತೆ ನಮ್ಮ ಕಾಡುಹಕ್ಕಿಗಳ ವ್ಯಾಪಾರವು ಅಪರಾಧವೂ ಹೌದು.

ಜೀವಿಗಳನ್ನು ಕಟ್ಟಿಹಾಕುವ ಬಂಧವನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿಯೂ, ಕದ್ದ ವಸ್ತುವನ್ನು ಕೊಳ್ಳುವುದನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿಯೂ ಎಣಿಸಲಾಗಿದೆ. ಕಾಡಿನಿಂದ ಕದ್ದು ತಂದ ಹಕ್ಕಿಯನ್ನು ಬಿಡುಗಡೆಯ ಸದುದ್ದೇಶದಿಂದ ಕೊಂಡರೂ ಆ ಕಳವಿಗೆ ಬೆಲೆ ಕೊಟ್ಟಂತೆಯೇ ಆಗುತ್ತದೆ. ಪರ್ಯೂಷಣದಲ್ಲಿ ಆಹಾರವನ್ನು ತ್ಯಜಿಸುವ ಶ್ರಾವಕನು ಈ ಕೊಳ್ಳುವಿಕೆಯನ್ನೂ ತ್ಯಜಿಸುವ ನಿಯಮವನ್ನು ಸ್ವೀಕರಿಸಿದರೆ, ಸೂರಿಗಳು ಬೇಡಿದ ಅಭಯದಾನವು ಕಾಡಿನ ಗೂಡಿನವರೆಗೂ ತಲಪುವುದು.