ಧಾರವಾಡದಲ್ಲಿ ಹುಟ್ಟಿದ ಕ್ರೀಡಾಚೇತನ: ಪಾಲವಣಕರ ಬಾಳೂ

ಕರಿಯರಿಗೆ ಮುಚ್ಚಿದ್ದ ಅಮೆರಿಕದ ಬೇಸ್‌ಬಾಲ್ ಮಹಾಕೂಟದ ಬಾಗಿಲನ್ನು 1947ರಲ್ಲಿ ಬ್ರೂಕ್ಲಿನ್ ತಂಡದ ಜಾಕಿ ರಾಬಿನ್ಸನ್ ತೆರೆದುದನ್ನು ಜಗತ್ತು ಬಲ್ಲದು. ಅದಕ್ಕೆ ಅರ್ಧ ಶತಮಾನ ಮೊದಲೇ ಅಂಥದೇ ಬಾಗಿಲನ್ನು ತಟ್ಟಿದ ಭಾರತೀಯರೊಬ್ಬರು ಧಾರವಾಡದಲ್ಲಿ ಜನಿಸಿದರೆಂಬುದನ್ನು ಕನ್ನಡಿಗರಲ್ಲಿಯೇ ಬಲ್ಲವರು ವಿರಳ.

ಪಾಲವಣಕರ ಬಾಳೂ ಅವರ ಜನನ 1876ರಲ್ಲಿ. ಅಂದಿನ ಸಮಾಜ ಅಸ್ಪೃಶ್ಯವೆಂದು ದೂರವಿರಿಸಿದ್ದ ಚಮ್ಮಾರ ಕುಲದವರು. ತಂದೆ ಸೈನ್ಯದ ಸೇವೆಯಲ್ಲಿದ್ದುದರಿಂದ ಬಾಲ್ಯ ಪುಣೆಯಲ್ಲಿ ಕಳೆಯಿತು. ಪಾರ್ಸಿಗಳ ಕ್ರಿಕೆಟ್ ಸಂಘದಲ್ಲಿ ಅಂಕಣ ಗುಡಿಸಿ ರೂಲು ಹಾಯಿಸುವ ಕೆಲಸಕ್ಕೆ ತಿಂಗಳಿಗೆ ಮೂರು ರೂಪಾಯಿ. ಮುಂದೆ ಆಂಗ್ಲರ ಪೂನಾ ಕ್ಲಬ್ಬಿನಲ್ಲಿ ನಾಲ್ಕು. ಅಲ್ಲಿ ಆಂಗ್ಲ ದಾಂಡಿಗರ ಅಭ್ಯಾಸಕ್ಕೆ ಚೆಂಡೆಸೆಯುತ್ತಲೇ ಎಡಗೈಯ ನಿಧಾನಗತಿಯ ಎಸೆತ ಸಿದ್ಧಿಸಿತು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಜೆ. ಜಿ. ಗ್ರೇಗ್ ಎಂಟಾಣೆ ಕೊಡುತ್ತಿದ್ದರಂತೆ. ಆದರೆ ದಾಂಡು ಹಿಡಿಯುವ ಅವಕಾಶ ಮಾತ್ರ ಬಲು ಅಪರೂಪ.

ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು. ಮೇಲ್ಜಾತಿಯ ಆಟಗಾರರು ಅವರೆಸೆದ ಚೆಂಡನ್ನು ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟದ ಪಂಕ್ತಿಯೂ ಬೇರೆ. ಬೆವರಿಗಿಲ್ಲದ ಮೈಲಿಗೆ ಬಟ್ಟಲಿಗೆ ಹೇಗೆ ತಗುಲಿತೆಂದು ಅಂದು ಕೇಳಿದವರೆಷ್ಟು ಮಂದಿ!

ಮುಂದೆ ಮುಂಬಯಿ. 1906ರಲ್ಲಿ ಹಿಂದೂ ತಂಡ ಯೂರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿತು. ಆ ಜಯದಲ್ಲಿ ಬಾಳೂ ಅವರ ಪಾತ್ರ ಹಿರಿದು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದ ತಂಡ ಇಂಗ್ಲೆಂಡಿನಲ್ಲಿ ಬಹುತೇಕ ಸೋಲನ್ನೇ ಕಂಡಿತು. ಬಾಳೂ ಒಬ್ಬರೇ ನೂರಕ್ಕೂ ಮಿಕ್ಕಿ ವಿಕೆಟ್ ಗಳಿಸಿದರು.

ಇಷ್ಟಾದರೂ ಹಿಂದೂ ತಂಡದ ನಾಯಕ ಪಟ್ಟ ಅವರಿಗೆ ಒಲಿಯಲಿಲ್ಲ. 1920ರಲ್ಲಿ ಅವರನ್ನು ತಂಡದಿಂದ ಕೈಬಿಟ್ಟಾಗ ಸೋದರರಾದ ಶಿವರಾಮ, ವಿಠ್ಠಲರು ತಾವೂ ಆಡೆವೆಂದು ಹಿಂದೆ ಸರಿದರು. ಆ ಪ್ರತಿಭಟನೆಗೆ ಮಣಿದ ಆಯ್ಕೆದಾರರು ಬಾಳೂ ಅವರನ್ನು ಮರಳಿ ಕರೆದು ಉಪನಾಯಕತ್ವವನ್ನಿತ್ತರು. ಅಣ್ಣನಿಗೆ ಸಲ್ಲದ ನಾಯಕತ್ವ 1923ರಲ್ಲಿ ತಮ್ಮ ವಿಠ್ಠಲರಿಗೆ ಸಂದಿತು.

ಯೌವನದಲ್ಲಿ ಅಂಬೇಡ್ಕರರು ಬಾಳೂ ಅವರ ಅಭಿಮಾನಿಯಾಗಿದ್ದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಳೂ ಸಹ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪರವಾಗಿ ಅದೇ ಅಂಬೇಡ್ಕರರ ಎದುರು ನಿಂತು ಸೋತರು. 1955ರ ಜುಲೈ ತಿಂಗಳಲ್ಲಿ ಅವರ ದೇಹಾಂತವಾಯಿತು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್‌ಗಳು ಅವರ ಹೆಸರಿನಲ್ಲಿವೆ.