ಕಿರೀಟವನ್ನು ತಾನೇ ಇಳಿಸಿದ ರಾಣಿ

ಧರ್ಮಸಭೆಯ ಚರಿತ್ರೆಯಲ್ಲಿ ಹೆಸರಾದ ಸ್ತ್ರೀಯರೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ತಲೆ ಬಾಗಿಸಿ, ಕೈ ಜೋಡಿಸಿ ಪೀಠದ ಮೇಲೆ ನಿಂತ ಪ್ರತಿಮೆಗಳು. ಆದರೆ ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಜಗದ್ಗುರುಗಳ ಸಮಾಧಿಗಳ ನಡುವೆ ಸ್ಥಾನ ಪಡೆದ ಬೆರಳೆಣಿಕೆಯ ಸ್ತ್ರೀಯರಲ್ಲಿ ಒಬ್ಬಳು ತಲೆ ಬಾಗಿಸುವುದನ್ನೇ ಅರಿಯದವಳು. ತಲೆ ಬಾಚಿಕೊಳ್ಳುವುದನ್ನೂ ಅಷ್ಟಾಗಿ ಅರಿಯದವಳು. ಆಕೆಯೇ ಸ್ವೀಡನ್ ದೇಶದ ರಾಣಿ ಕ್ರಿಸ್ಟೀನಾ. ಆಕೆ ಸಂತಳಲ್ಲ, ಆಕೆಯನ್ನು ಸಂತಳೆಂದು ಯಾರೂ ಸಾರಿಲ್ಲ. ಆದರೂ ಆಕೆಯ ಬಾಳಿನಿಂದ ನಮ್ಮ ಕುಟುಂಬಗಳು ಕಲಿಯಬೇಕಾದದ್ದು ಇದೆಯೆಂದು ನಾವು ನಂಬುತ್ತೇವೆ.

ಆಕೆಯ ಬದುಕು ಆರಂಭವಾದದ್ದೇ ಒಂದು ಗೊಂದಲದಿಂದ. 1626ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನ ಅರಮನೆಯಲ್ಲಿ ಮಗು ಜನಿಸಿದಾಗ ಮೈತುಂಬ ರೋಮ, ಗಡುಸಾದ ಅಳು. ಬಾಣಂತಿಯ ಬಳಿ ಇದ್ದವರು ಅವಸರದಿಂದ ರಾಜಕುಮಾರ ಹುಟ್ಟಿದನೆಂದು ಸಾರಿಬಿಟ್ಟರು. ಸತ್ಯ ತಿಳಿದಾಗ ಅದನ್ನು ಅರಸನಿಗೆ ಹೇಳುವವರಾರೆಂಬ ಚಿಂತೆ ಎಲ್ಲರಿಗೂ. ಆದರೆ ಅರಸ ಗುಸ್ತಾವ್ ಅಡಾಲ್ಫ್ ಕೋಪಿಸಿಕೊಳ್ಳಲಿಲ್ಲ. ನಮ್ಮೆಲ್ಲರನ್ನೂ ಹುಟ್ಟುತ್ತಲೇ ಏಮಾರಿಸಿದ ಈ ಮಗು ಮುಂದೆ ಬಹಳ ಜಾಣೆಯಾಗುವಳೆಂದು ನಕ್ಕನಂತೆ. 1632ರಲ್ಲಿ ಆತ ಲ್ಯೂಟ್ಸೆನ್ ರಣರಂಗದಲ್ಲಿ ಮಡಿದಾಗ ಮಗಳಿಗೆ ಆರು ವರ್ಷ ತುಂಬಿರಲಿಲ್ಲ.

ತಂದೆಯ ಇಚ್ಛೆಯಂತೆ ಆಕೆಗೆ ರಾಜಕುಮಾರನಿಗೆ ತಕ್ಕ ಶಿಕ್ಷಣ ದೊರೆಯಿತು. ಕುದುರೆ ಸವಾರಿ, ಬೇಟೆ, ಹಲವು ಭಾಷೆಗಳು, ಚರಿತ್ರೆ, ರಾಜನೀತಿ ಎಲ್ಲವನ್ನೂ ಹಸಿದವಳಂತೆ ಕಲಿತಳು. ಉಡುಪು ಒಡವೆಗಳಲ್ಲಿ ಮಾತ್ರ ಎಳ್ಳಷ್ಟೂ ಆಸಕ್ತಿಯಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ, 1644ರಲ್ಲಿ, ಆಳ್ವಿಕೆಯನ್ನು ಕೈಗೆತ್ತಿಕೊಂಡಳು. ಯೂರೋಪನ್ನು ಮೂವತ್ತು ವರ್ಷ ಸುಟ್ಟ ಯುದ್ಧಕ್ಕೆ 1648ರ ವೆಸ್ಟ್‌ಫಾಲಿಯ ಒಪ್ಪಂದ ತೆರೆಯೆಳೆಯುವಂತಾಗಲು ಈ ತರುಣಿಯ ಒತ್ತಾಯವೂ ಒಂದು ಕಾರಣವಾಯಿತು.

ತತ್ತ್ವಶಾಸ್ತ್ರ ಓದಿದ ನಮ್ಮಂಥವರಿಗೆ ಆಕೆಯ ಮೇಲೆ ಒಂದು ಸಣ್ಣ ಮುನಿಸೂ ಉಂಟು. ಆಕೆಯ ಕರೆಗೆ ಓಗೊಟ್ಟು 1649ರಲ್ಲಿ ಫ್ರಾನ್ಸಿನ ಮಹಾ ದಾರ್ಶನಿಕ ರೆನೆ ಡೆಕಾರ್ಟ್ ಸ್ಟಾಕ್‌ಹೋಮಿಗೆ ಬಂದರು. ಹೊತ್ತೇರುವವರೆಗೆ ಹಾಸಿಗೆಯಲ್ಲಿಯೇ ಮಲಗಿ ಚಿಂತಿಸುವುದು ಅವರ ಜೀವಮಾನದ ಅಭ್ಯಾಸ. ರಾಣಿಯಾದರೋ ಕೆಲವೇ ಗಂಟೆ ನಿದ್ರಿಸುವವಳು; ಪಾಠಕ್ಕೆಂದು ಗೊತ್ತುಪಡಿಸಿದ ಹೊತ್ತು ಬೆಳಗಿನ ಜಾವ ಐದು ಗಂಟೆ! ಉತ್ತರದ ಆ ಕೊರೆಯುವ ಚಳಿಯಲ್ಲಿ ಕೆಲವು ಪಾಠಗಳು ನಡೆಯುವಷ್ಟರಲ್ಲೇ ಗುರುಗಳಿಗೆ ಶ್ವಾಸಕೋಶದ ಉರಿಯೂತ ತಗಲಿ, 1650ರ ಫೆಬ್ರವರಿ 11ರಂದು ತೀರಿಕೊಂಡರು. ಕಥೋಲಿಕರಾಗಿದ್ದ ಅವರ ಪ್ರಭಾವವೂ ತನ್ನ ಮನಃಪರಿವರ್ತನೆಗೆ ನೆರವಾಯಿತೆಂದು ಕ್ರಿಸ್ಟೀನಾ ಮುಂದೆ ಬರೆದುಕೊಟ್ಟಳು.

ಆ ಪರಿವರ್ತನೆ ಸುಲಭದ ಮಾತಾಗಿರಲಿಲ್ಲ. ಆಕೆಯ ತಂದೆ ಪ್ರಾಟೆಸ್ಟೆಂಟ್ ಜಗತ್ತಿನ ವೀರನಾಯಕ. ಸ್ವೀಡನ್ನಿನಲ್ಲಿ ಕಥೋಲಿಕ ವಿಶ್ವಾಸಕ್ಕೆ ಕಾನೂನಿನ ನಿಷೇಧ. 1652ರಲ್ಲಿ ಯೇಸುಸಭೆಯ ಇಬ್ಬರು ಗುರುಗಳು, ಪಾವೊಲೊ ಕಸಾಟಿ ಮತ್ತು ಫ್ರಾಂಚೆಸ್ಕೊ ಮಲಿನೆಸ್, ಪ್ರವಾಸಿಗಳ ವೇಷದಲ್ಲಿ ಆಕೆಯ ಆಸ್ಥಾನಕ್ಕೆ ಬಂದರು. ಅವರನ್ನು ಆಕೆ ಕೇಳಿದ್ದು ಉಪದೇಶ ತರಗತಿಯ ಪ್ರಶ್ನೆಗಳನ್ನಲ್ಲ. ಒಳಿತು ಕೆಡುಕುಗಳ ಭೇದ ನಿಜವೇ? ದೇವರ ಪಾಲನೆ ಎಂಬುದು ಇದೆಯೇ? ಆತ್ಮವು ಅಮರವೇ? ಎಂಬಿವೇ ಮೊದಲಾದ ಪ್ರಶ್ನೆಗಳಿಂದ ಆ ವಿದ್ವಾಂಸರನ್ನೂ ಬೆವರಿಳಿಸಿದಳು. ಮದುವೆಯನ್ನಂತೂ ಆಕೆ ಮೊದಲೇ ನಿರಾಕರಿಸಿದ್ದಳು. ಸೋದರ ಸಂಬಂಧಿ ಕಾರ್ಲ್ ಗುಸ್ತಾವನನ್ನು ಉತ್ತರಾಧಿಕಾರಿಯೆಂದು ಹೆಸರಿಸಿದ್ದಳು.

1654ರ ಜೂನ್ 6ರಂದು ಉಪ್ಸಾಲದ ಕೋಟೆಯಲ್ಲಿ ಆಕೆ ಸಿಂಹಾಸನ ತ್ಯಜಿಸಿದಳು. ರಾಜಲಾಂಛನಗಳನ್ನು ಒಂದೊಂದಾಗಿ ತೆಗೆದಿಟ್ಟ ಮೇಲೆ ಕಿರೀಟವನ್ನು ಇಳಿಸಬೇಕಾಗಿದ್ದ ಪ್ರಧಾನ ಪೇರ್ ಬ್ರಾಹೆಗೆ ಕೈಯೇ ಬರಲಿಲ್ಲ, ನಿಂತಲ್ಲೇ ನಿಂತ. ಆಗ ರಾಣಿ ತಾನೇ ಕೈಯೆತ್ತಿ ಕಿರೀಟವನ್ನು ಇಳಿಸಿದಳು. ಆಗ ಆಕೆಗೆ ಇಪ್ಪತ್ತೇಳು ವರ್ಷ. ಬಳಿಕ ಗಂಡಸಿನ ಉಡುಪು ತೊಟ್ಟು, ಬೇರೊಬ್ಬನ ಹೆಸರು ಹೇಳಿಕೊಂಡು, ಕುದುರೆಯೇರಿ ದೇಶ ದಾಟಿದಳು. ಅದೇ ವರ್ಷ ಕ್ರಿಸ್ಮಸ್ಸಿನ ಹಿಂದಿನ ದಿನ ಬ್ರಸೆಲ್ಸಿನಲ್ಲಿ ಗುಟ್ಟಾಗಿ, ಮರುವರ್ಷದ ನವೆಂಬರಿನಲ್ಲಿ ಇನ್ಸ್‌ಬ್ರುಕ್ಕಿನಲ್ಲಿ ಬಹಿರಂಗವಾಗಿ ಕಥೋಲಿಕ ವಿಶ್ವಾಸವನ್ನು ಅಂಗೀಕರಿಸಿದಳು.

1655ರ ಡಿಸೆಂಬರಿನಲ್ಲಿ ರೋಮ್ ನಗರ ಆಕೆಯನ್ನು ಸಂಭ್ರಮದಿಂದ ಎದುರುಗೊಂಡಿತು. ನಗರದ್ವಾರವನ್ನು ಸಿಂಗರಿಸಿದವರು ಮಹಾಶಿಲ್ಪಿ ಬೆರ್ನಿನಿ. ಜಗದ್ಗುರು ಏಳನೆಯ ಅಲೆಕ್ಸಾಂಡರರೇ ಕ್ರಿಸ್ಮಸ್ ದಿನ ಆಕೆಗೆ ದೃಢೀಕರಣ ಸಂಸ್ಕಾರ ನೀಡಿದರು. ಬಳಿಕ ಆರಂಭವಾಯಿತು ಅವರ ತಲೆನೋವು. ಹೊಸ ವಿಶ್ವಾಸಿಯ ಭಕ್ತಿ ಹತ್ತು ಜನಕ್ಕೆ ಕಾಣುವಂತಿರಲೆಂದು ಅವರು ಬಯಸಿದರೆ, ತೋರಿಕೆಯ ಭಕ್ತಿ ಆಕೆಗೆ ಸುತರಾಂ ಒಲ್ಲದು. ತಂಗಲೆಂದು ಕೊಟ್ಟ ಫರ್ನೇಸೆ ಅರಮನೆಯಲ್ಲಿ ಸಂಬಳ ಕಾಣದ ಆಕೆಯ ಸೇವಕರು ಬೆಳ್ಳಿ ಸಾಮಾನು ಕದ್ದರು, ಚಳಿ ಕಾಯಿಸಲು ಬಾಗಿಲುಗಳನ್ನೇ ಒಡೆದು ಉರಿಸಿದರು. ಸಂತ ಆಂಜೆಲೊ ಕೋಟೆಯ ಮೇಲಿಂದ ಆಕೆ ಗುರಿಯಿಡದೆ ಹಾರಿಸಿದ ಫಿರಂಗಿ ಗುಂಡು ದೂರದ ಮೆದಿಚಿ ಭವನದ ಬಾಗಿಲಿಗೆ ಬಡಿಯಿತೆಂಬ ಕಥೆಯನ್ನು ರೋಮಿನಲ್ಲಿ ಇಂದಿಗೂ ಹೇಳುತ್ತಾರೆ. 1667ರಲ್ಲಿ ಹೊಸ ಜಗದ್ಗುರುಗಳ ಆಯ್ಕೆಯ ಸಂತೋಷಕ್ಕೆ ಲೂಥರನ್ನರ ಊರಾದ ಹ್ಯಾಂಬರ್ಗಿನಲ್ಲಿಯೇ ದೀಪಾಲಂಕಾರ ಮಾಡಿಸಿ, ದ್ರಾಕ್ಷಾರಸದ ಕಾರಂಜಿ ಹರಿಸಿದಳು. ಊರಿನವರು ದ್ರಾಕ್ಷಾರಸವನ್ನು ಕುಡಿದರು, ಆಮೇಲೆ ಮನೆಗೆ ಕಲ್ಲೆಸೆದರು. ಆಕೆ ಹಿಂಬಾಗಿಲಿನಿಂದ ಪಾರಾಗಬೇಕಾಯಿತು.

ನಗು ಇಲ್ಲಿಗೆ ನಿಲ್ಲಬೇಕು. 1657ರ ನವೆಂಬರಿನಲ್ಲಿ ಫ್ರಾನ್ಸಿನ ಫೊಂಟೆನ್‌ಬ್ಲೊ ಅರಮನೆಯಲ್ಲಿದ್ದಾಗ ತನ್ನ ಸೇವೆಯಲ್ಲಿದ್ದ ಮೊನಾಲ್ದೆಸ್ಕಿ ಎಂಬ ಕುಲೀನನು ದ್ರೋಹ ಬಗೆದನೆಂದು ಆತನಿಗೆ ಮರಣದಂಡನೆ ವಿಧಿಸಿದಳು. ಆತನ ಪಾಪನಿವೇದನೆ ಕೇಳಲು ಬಂದ ಗುರು ಲೆ ಬೆಲ್, ಕ್ರಿಸ್ತರ ಗಾಯಗಳ ಹೆಸರಿನಲ್ಲಿ ಕ್ಷಮೆ ಬೇಡಿದರು. ರಾಣಿ ಕರಗಲಿಲ್ಲ. ಆತನನ್ನು ಅಲ್ಲಿಯೇ ಇರಿದು ಕೊಂದರು. ತಾನು ರಾಣಿ, ತನಗೆ ಆ ಅಧಿಕಾರವಿದೆ ಎಂಬುದೇ ಆಕೆಯ ವಾದ. ಕಿರೀಟವನ್ನು ತಲೆಯಿಂದ ಇಳಿಸಿದವಳು ಮನಸ್ಸಿನಿಂದ ಇಳಿಸಿರಲಿಲ್ಲ. ಈ ಕಲೆಯನ್ನು ಮರೆಮಾಚಿ ಆಕೆಯ ಕಥೆ ಹೇಳುವುದು ಸತ್ಯಕ್ಕೆ ಮಾಡುವ ಅಪಚಾರ.

ಆದರೂ ದೇವರು ಆಕೆಯನ್ನು ಕೈಬಿಡಲಿಲ್ಲವೆಂದು ನಾವು ಭಾವಿಸುತ್ತೇವೆ. ರೋಮಿನ ಲುಂಗಾರ ಬೀದಿಯ ರಿಯಾರಿಯೊ ಅರಮನೆಯಲ್ಲಿ ನೆಲೆಸಿದ ಆಕೆ ಸ್ಕಾರ್ಲಾಟಿ, ಕೊರೆಲ್ಲಿಯಂಥ ಸಂಗೀತಗಾರರಿಗೆ ಆಶ್ರಯವಿತ್ತಳು. ವಿದ್ವಾಂಸರ ಪರಿಷತ್ತನ್ನು ಕಟ್ಟಿದಳು. ಫ್ರಾನ್ಸಿನ ಅರಸ ಹದಿನಾಲ್ಕನೆಯ ಲೂಯಿ ಪ್ರಾಟೆಸ್ಟೆಂಟರನ್ನು ಸೈನಿಕರ ಬಲದಿಂದ ಮತಾಂತರಿಸುತ್ತಿದ್ದಾಗ, ತನ್ನ ವಿಶ್ವಾಸಕ್ಕಾಗಿ ರಾಜ್ಯವನ್ನೇ ತೊರೆದ ಈ ಕಥೋಲಿಕಳು ಆ ಹಿಂಸೆಯನ್ನು ಬಹಿರಂಗವಾಗಿ ಖಂಡಿಸಿದಳು. 1686ರಲ್ಲಿ ರೋಮಿನ ಯೆಹೂದ್ಯರು ತನ್ನ ರಕ್ಷಣೆಯಲ್ಲಿರುವರೆಂದು ಘೋಷಿಸಿದಳು. ಸ್ವಂತ ಮನಸ್ಸಾಕ್ಷಿಗಾಗಿ ಬೆಲೆ ತೆತ್ತವಳಿಗೆ ಇತರರ ಮನಸ್ಸಾಕ್ಷಿಯ ಬೆಲೆಯೂ ತಿಳಿದಿತ್ತು.

1689ರ ಏಪ್ರಿಲ್ 19ರಂದು ಆಕೆ ನಿಧನಳಾದಳು. ಆಡಂಬರವಿಲ್ಲದೆ ಪಾಂಥಿಯನ್ ದೇವಾಲಯದಲ್ಲಿ ತನ್ನನ್ನು ಮಣ್ಣುಮಾಡಬೇಕೆಂಬುದು ಆಕೆಯ ಕೋರಿಕೆ. ಆದರೆ ಆಕೆಯೊಡನೆ ಎಷ್ಟೋ ಸಲ ಮುನಿಸಿಕೊಂಡಿದ್ದ ಜಗದ್ಗುರು ಹನ್ನೊಂದನೆಯ ಇನ್ನೊಸೆಂಟರು ಸಂತ ಪೇತ್ರರ ಮಹಾದೇವಾಲಯದಲ್ಲಿಯೇ ಸಮಾಧಿ ಮಾಡಿಸಿದರು. ಜೀವಮಾನವೆಲ್ಲ ತನ್ನ ಹಟವನ್ನೇ ಸಾಧಿಸಿದವಳು ಸೋತದ್ದು ಅಲ್ಲಿ ಮಾತ್ರ. ಆಕೆಯ ಹಸ್ತಪ್ರತಿಗಳು ಇಂದಿಗೂ ವತಿಕಾನ್ ಗ್ರಂಥಾಲಯದ ಸಂಪತ್ತು.

ಸ್ವಾತಂತ್ರ್ಯವು ತನ್ನಷ್ಟಕ್ಕೆ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಅದು ಯಾವುದರ ಕಡೆಗೆ ತಿರುಗುತ್ತದೆ ಎಂಬುದೇ ಮುಖ್ಯ. ಸತ್ಯದ ಕಡೆಗೆ ತಿರುಗಿದಾಗ ಕ್ರಿಸ್ಟೀನಾಳ ಸ್ವಾತಂತ್ರ್ಯ ಕಿರೀಟವನ್ನು ಇಳಿಸಿತು. ತನ್ನ ಕಡೆಗೇ ತಿರುಗಿದಾಗ ಒಂದು ಜೀವವನ್ನು ತೆಗೆಯಿತು. ನಮ್ಮ ಮನೆಗಳಲ್ಲಿಯೂ ಹೇಳಿದಂತೆ ಕೇಳದ, ಉಟ್ಟ ಬಟ್ಟೆಯ ಪರಿವೆಯಿಲ್ಲದ, ಉಪದೇಶ ತರಗತಿಯಲ್ಲಿ ಕಷ್ಟದ ಪ್ರಶ್ನೆ ಕೇಳುವ ಹೆಣ್ಣುಮಕ್ಕಳಿದ್ದಾರೆ. ಅವರನ್ನು ಹುಚ್ಚಿಯೆಂದು ಜರೆದು ಬಾಯಿ ಮುಚ್ಚಿಸುವುದು ಸುಲಭ. ಅವರ ಪ್ರಶ್ನೆಗೆ ಉತ್ತರ ಹುಡುಕುತ್ತ, ತಪ್ಪಿದಾಗ ತಪ್ಪೆಂದು ಹೇಳುತ್ತ ಜೊತೆಯಲ್ಲಿ ನಡೆಯುವುದು ಕಷ್ಟ. ಧರ್ಮಸಭೆ ಈ ರಾಣಿಯನ್ನು ಮೂವತ್ತನಾಲ್ಕು ವರ್ಷ ಸಹಿಸಿ, ಪ್ರೀತಿಸಿ, ಕೊನೆಗೆ ಪೇತ್ರರ ಮಗ್ಗುಲಲ್ಲಿ ಮಲಗಿಸಿತು. ಒಬ್ಬ ಹಟಮಾರಿ ಮಗಳನ್ನು ಸಹಿಸಿ ಪ್ರೀತಿಸುವಷ್ಟು ಜಾಗ ನಮ್ಮ ಮನೆಗಳಲ್ಲಿಯೂ ಇರಲಿ. ಆದರೆ ಬೆಳಗಿನ ಜಾವ ಐದು ಗಂಟೆಗೆ ಪಾಠ ಹೇಳೆಂದು ಆಕೆ ಯಾರನ್ನಾದರೂ ಎಬ್ಬಿಸಿದರೆ, ಆ ಗುರುಗಳಿಗೊಂದು ಕಂಬಳಿಯನ್ನು ಕೊಡಲು ಮರೆಯದಿರೋಣ.