ಇಪ್ಪತ್ತರ ಹುಡುಗನ ಡೆಬಿಯನ್

ಹಳೇ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್ ಹಾಕೋದು ಅಂತ ಹಾಸ್ಟೆಲ್‌ನಲ್ಲಿ ಚರ್ಚೆ ಶುರುವಾದರೆ ಮುಗಿಯೋದೇ ಇಲ್ಲ. ಐಕಾನ್, ವಾಲ್‌ಪೇಪರ್ ನೋಡಿ ಮರುಳಾಗುವವರೇ ಜಾಸ್ತಿ. ನನ್ನ ಪ್ರಕಾರ ನೋಡಬೇಕಾದ್ದು ಒಂದೇ: ಬೇಕಾದ ಸಾಫ್ಟ್‌ವೇರ್ ಹಾಕೋದು, ತೆಗೆಯೋದು, ಅಪ್‌ಡೇಟ್ ಮಾಡೋದು ಎಷ್ಟು ಸಲೀಸು? ಈ ತಲೆನೋವನ್ನು ಮೈಮೇಲೆ ಎಳೆದುಕೊಂಡವನು ಇಯಾನ್ ಮರ್ಡಾಕ್.

1973ರಲ್ಲಿ ಜರ್ಮನಿಯ ಕಾನ್‌ಸ್ಟಾನ್ಜ್‌ನಲ್ಲಿ ಹುಟ್ಟಿದ ಇಯಾನ್ ಓದಿದ್ದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ. ಆಗ ಜನಪ್ರಿಯವಾಗಿದ್ದ ಎಸ್‌ಎಲ್‌ಎಸ್ ಎಂಬ ಲಿನಕ್ಸ್ ಆವೃತ್ತಿಯ ತುಂಬ ದೋಷಗಳು. ಬೈದುಕೊಂಡು ಸುಮ್ಮನಿರಬಹುದಿತ್ತು. ಆದರೆ 1993ರ ಆಗಸ್ಟ್ 16ರಂದು, ಹೊಸದನ್ನೇ ಕಟ್ಟುತ್ತೇನೆಂದು ಪ್ರಕಟಿಸಿಬಿಟ್ಟ. ಆಗ ವಯಸ್ಸು 20, ಅಂದರೆ ಈಗ ನನಗೆ ಆಗಿರುವಷ್ಟೇ! ಗೆಳತಿ ಡೆಬ್ರಾ ಹೆಸರಿಗೆ ತನ್ನ ಹೆಸರು ಜೋಡಿಸಿ ಡೆಬಿಯನ್ ಎಂದು ಕರೆದ. (ಮುಂದೆ ಇಬ್ಬರೂ ಮದುವೆಯಾದರು, ಬೇರೆಯೂ ಆದರು. ಹೆಸರು ಮಾತ್ರ ಹಾಗೇ ಉಳಿದಿದೆ.)

ಇಡೀ ವ್ಯವಸ್ಥೆಯನ್ನು ಒಬ್ಬನೇ ಹೊತ್ತು ಸಾಗುವುದು ಆಗದ ಮಾತು. ಹಾಗಾಗಿ ಅದನ್ನು ಪ್ಯಾಕೇಜ್‌ಗಳಾಗಿ ಒಡೆದು, ಅವುಗಳ ಹೊಣೆಯನ್ನು ಸ್ವಯಂಸೇವಕರಿಗೆ ಹಂಚಿದ. ಒಂದು ಪ್ಯಾಕೇಜ್ ಕೆಲಸ ಮಾಡಲು ಇನ್ಯಾವುದು ಬೇಕು ಎಂಬ ವಿವರವೂ ಅದರೊಳಗೇ ಇರುತ್ತದೆ. ಪ್ಯಾಕೇಜ್ ಹಾಕುವ, ತೆಗೆಯುವ 'ಡಿಪಿಕೆಜಿ'ಯ ಮೊದಲ ರೂಪವನ್ನು 1994ರಲ್ಲಿ ಬರೆದವನೂ ಅವನೇ. ಅದು ಇಂಥದ್ದು ಇಲ್ಲವೆಂದು ದೂರುತ್ತದೆ, ತಂದುಕೊಡುವುದಿಲ್ಲ. ಹುಡುಕಿ ತರುವ 'ಆಪ್ಟ್' ಬಂದದ್ದು 1999ರ ಡೆಬಿಯನ್ 2.1ರ ಜತೆ, ಅದು ಬೇರೆಯವರ ಕೆಲಸ.

ಅಷ್ಟರಲ್ಲಿ ಇಯಾನ್ ನಾಯಕತ್ವ ಬಿಟ್ಟಾಗಿತ್ತು. 1996ರಲ್ಲೇ ಬ್ರೂಸ್ ಪೆರೆನ್ಸ್‌ಗೆ ಒಪ್ಪಿಸಿದ್ದ. ಕಟ್ಟಿದ್ದಕ್ಕಿಂತ ಈ ಬಿಟ್ಟುಕೊಟ್ಟದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ಯಾಕೆಂದರೆ ಡೆಬಿಯನ್ ನೆಚ್ಚಿ ಅವನೇ ಶುರುಮಾಡಿದ ಪ್ರೊಜೆನಿ ಕಂಪನಿ 2007ರಲ್ಲಿ ಬಾಗಿಲು ಹಾಕಿತು; ಯಾರದ್ದೂ ಅಲ್ಲದ ಡೆಬಿಯನ್ ನಿಂತಿತು. ಅದೇ ವರ್ಷ ಸನ್ ಮೈಕ್ರೋಸಿಸ್ಟಮ್ಸ್ ಸೇರಿದ. ಅಲ್ಲಿ ಸೋಲಾರಿಸ್ ಅನ್ನು ಲಿನಕ್ಸ್‌ನಷ್ಟು ಸಲೀಸಾಗಿಸಲು ಹೊರಟ ಯೋಜನೆಯನ್ನು ಮುನ್ನಡೆಸಿದ. ಎಲ್ಲಿ ಹೋದರೂ ಅದೇ ಗುಂಗು!

2015ರಲ್ಲಿ ಡಾಕರ್ ಕಂಪನಿ ಸೇರಿದ್ದ. ಆ ವರ್ಷದ ಡಿಸೆಂಬರ್ 28ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡ. 42 ಸಾಯುವ ವಯಸ್ಸಲ್ಲ.

ನಮ್ಮ ಲ್ಯಾಬ್‌ಗಳಲ್ಲಿ ಕಾಣುವ ಉಬುಂಟು, ಪ್ರಾಜೆಕ್ಟ್‌ಗೆ ಬಳಸುವ ರಾಸ್ಪ್‌ಬೆರಿ ಪೈ ಓಎಸ್ ಎರಡೂ ನಿಂತಿರುವುದು ಡೆಬಿಯನ್ ಮೇಲೆ. 2017ರಲ್ಲಿ ಬಂದ ಡೆಬಿಯನ್ 9 ಅನ್ನು ಅದರ ಸ್ವಯಂಸೇವಕರು ಇಯಾನ್‌ಗೆ ಅರ್ಪಿಸಿದರು.